ಎಐ ಏಜೆಂಟ್‌ಗೆ ಕೊಡುವ ಗುರಿಯ ಕಡತ ಕನ್ನಡದಲ್ಲಿರಲಿ

ಸಂಪಾದಕರಿಗೆ,

ಮಾನ್ಯರೆ,

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ, ಮಾನ್ವಿ ತಾಲ್ಲೂಕಿನ ವಿತರಣಾ ನಾಲೆಯೊಂದರ ಕೊನೆಗಿರುವ ನೀರು ಬಳಕೆದಾರರ ಸಹಕಾರ ಸಂಘದಲ್ಲಿ ನಾನು ಹಲವು ವರ್ಷಗಳಿಂದ ಕಾರ್ಯದರ್ಶಿಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಎಐ ಏಜೆಂಟ್‌ಗಳ ಬಗ್ಗೆ ನಾನು ಓದಿದ ಬರಹಗಳೆಲ್ಲ ಹೆಚ್ಚಾಗಿ ಅವು ಯಾರ ನೌಕರಿಗೆ ಕುತ್ತು ತರುತ್ತವೆ, ಎಷ್ಟು ಬೇಗ ಕೆಲಸ ಮುಗಿಸುತ್ತವೆ ಎಂಬುದನ್ನೇ ಚರ್ಚಿಸುತ್ತವೆ. ಅವಕ್ಕೆ ಕೆಲಸ ಒಪ್ಪಿಸುವ ಮೊದಲು ಆ ಕೆಲಸದ ಗುರಿಯನ್ನು ಬರೆದುಕೊಡುವವರು ಯಾರು, ಯಾವ ಭಾಷೆಯಲ್ಲಿ ಬರೆಯುತ್ತಾರೆ, ಯಾರ ಒಪ್ಪಿಗೆ ಪಡೆದು ಬರೆಯುತ್ತಾರೆ ಎಂಬ ಪ್ರಶ್ನೆ ಅವುಗಳಲ್ಲಿ ನನಗೆ ಕಾಣಲಿಲ್ಲ. ನಮ್ಮ ಸಂಘದಲ್ಲಿ ಈ ಪ್ರಶ್ನೆ ತಾನಾಗಿಯೇ ಎದ್ದುನಿಂತಿತು. ಅದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದೆಯೂ ಸರ್ಕಾರದ ಮುಂದೆಯೂ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಏಜೆಂಟ್ ಎಂದರೆ ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವ ಚಾಟ್‌ಬಾಟ್‌ಗಿಂತ ಬೇರೆಯಾದದ್ದು ಎಂದು ಮೊದಲಿಗೆ ತಿಳಿಸಬೇಕು. ಒಂದು ಕೆಲಸ ಹೇಳಿದರೆ ಅದು ಕಂಪ್ಯೂಟರಿನಲ್ಲಿರುವ ಕಡತಗಳನ್ನು ತೆರೆದು ಓದುತ್ತದೆ, ಪ್ರೋಗ್ರಾಂ ಬರೆಯುತ್ತದೆ, ಬರೆದದ್ದನ್ನು ಓಡಿಸಿ ನೋಡುತ್ತದೆ, ತಪ್ಪು ಬಂದರೆ ತಿದ್ದುತ್ತದೆ, ಕೊನೆಗೆ ಕೆಲಸ ಮುಗಿಯಿತೆಂದು ತಾನೇ ತೀರ್ಮಾನಿಸಿ ನಿಲ್ಲುತ್ತದೆ. ಮುಗಿಯಿತೆಂದು ಅದು ಯಾವ ಆಧಾರದ ಮೇಲೆ ತೀರ್ಮಾನಿಸುತ್ತದೆ ಎಂಬಲ್ಲಿಯೇ ಎಲ್ಲವೂ ಅಡಗಿದೆ. ಆ ಆಧಾರವನ್ನು ನಾವು ಕೊಡದಿದ್ದರೆ, ಕೈಗೆ ಸುಲಭವಾಗಿ ಸಿಕ್ಕುವ ಯಾವುದೋ ಒಂದನ್ನು ಅದು ಆಧಾರವಾಗಿ ಹಿಡಿದುಬಿಡುತ್ತದೆ.

ನಮ್ಮಲ್ಲಿ ಆದದ್ದು ಅದೇ. ನೀರಿನ ಪಾಳಿ, ತೂಬುಗಳ ಸರದಿ, ಸದಸ್ಯರ ದೂರು ಎಲ್ಲವನ್ನೂ ನಾವು ಉದ್ದನೆಯ ರಿಜಿಸ್ಟರ್‌ಗಳಲ್ಲಿ ಬರೆಯುತ್ತಿದ್ದೆವು. ದೂರುಗಳಂತೂ ಫೋನ್‌ನಲ್ಲಿ, ವಾಟ್ಸ್‌ಆ್ಯಪ್ ಧ್ವನಿ ಸಂದೇಶದಲ್ಲಿ, ಚಹಾದ ಅಂಗಡಿಯ ಮುಂದೆ ಎದುರಾದಾಗ, ಹೀಗೆ ಎಲ್ಲ ದಿಕ್ಕಿನಿಂದಲೂ ಬರುತ್ತಿದ್ದವು. ಸದಸ್ಯರೊಬ್ಬರ ಮಗಳು, ಇಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿನಿ, ರಜೆಗೆ ಊರಿಗೆ ಬಂದಿದ್ದಾಗ ಏಜೆಂಟ್‌ನಿಂದ ಇದಕ್ಕೊಂದು ಆ್ಯಪ್ ಮಾಡಿಸಬಹುದೆಂದು ಹೇಳಿದಳು. ಏನಾಗಬೇಕು ಎಂದು ಅವಳು ಕೇಳಿದಾಗ, ಆಡಳಿತ ಮಂಡಳಿಯಲ್ಲಿದ್ದ ನಾವೆಲ್ಲ ಹೆಚ್ಚು ಯೋಚಿಸದೆ ದೂರುಗಳು ಕಡಿಮೆಯಾಗಬೇಕು ಎಂದೆವು. ಅವಳು ಅದನ್ನೇ ಇಂಗ್ಲಿಷಿನಲ್ಲಿ ಏಜೆಂಟ್‌ಗೆ ತಿಳಿಸಿದಳು. ಮರುದಿನ ಆ್ಯಪ್ ಸಿದ್ಧವಾಗಿತ್ತು. ಅದರಲ್ಲಿ ದೂರು ದಾಖಲಿಸಬೇಕಾದರೆ ಸರ್ವೆ ನಂಬರ್, ತೂಬಿನ ಸಂಖ್ಯೆ, ಗೇಜ್ (ನಾಲೆಯ ನೀರಿನ ಮಟ್ಟದ ಅಳತೆ) ಎಷ್ಟಿದೆ ಎಂಬ ವಿವರ ಮತ್ತು ಒಂದು ಫೋಟೊ ಎಲ್ಲವೂ ಬೇಕಿತ್ತು; ಒಂದು ಬಿಟ್ಟರೂ ದೂರು ಮುಂದೆ ಹೋಗುತ್ತಿರಲಿಲ್ಲ. ಒಂದೇ ಹೊಲದಿಂದ ಒಂದು ವಾರದೊಳಗೆ ಎರಡನೆಯ ದೂರು ಬಂದರೆ ಅದು ಮೊದಲನೆಯದರಲ್ಲಿ ಸೇರಿಹೋಗುತ್ತಿತ್ತು. ದೂರುಗಳ ಪಟ್ಟಿ ಬಹುಬೇಗ ಚಿಕ್ಕದಾಯಿತು. ನಾವು ಸಂತೋಷಪಟ್ಟೆವು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮುಂದಿನ ಪಾಳಿಯ ಹೊತ್ತಿಗೆ ನಾಲೆಯ ಮೇಲೆ ಓಡಾಡುವ ಗ್ಯಾಂಗ್‌ಮನ್‌ನ ಪುಸ್ತಕಕ್ಕೂ ಆ್ಯಪ್‌ನ ಪಟ್ಟಿಗೂ ತಾಳೆ ನೋಡಿದಾಗಲೇ, ಕೊನೆಯ ಮೂರು ತೂಬುಗಳಿಗೆ ನೀರು ತಲುಪದ ದಿನಗಳಲ್ಲಿಯೂ ಆ್ಯಪ್‌ನಲ್ಲಿ ಒಂದೂ ದೂರು ಇಲ್ಲದಿರುವುದು ಗೊತ್ತಾದದ್ದು. ಒಣಗುತ್ತಿರುವ ಬೆಳೆಯ ಮುಂದೆ ನಿಂತ ರೈತರು ಗೇಜ್ ನೋಡಿ ಬರಲು ನಾಲೆಯ ತಲೆಗೆ ಹೋಗಲಾರದೆ, ಅರ್ಧ ತುಂಬಿದ ಅರ್ಜಿಯನ್ನು ಹಾಗೆಯೇ ಬಿಟ್ಟಿದ್ದರು.

ಏಜೆಂಟ್ ನಮ್ಮ ಮಾತನ್ನು ಮೀರಿರಲಿಲ್ಲ. ದೂರು ಕಡಿಮೆ ಮಾಡೆಂದು ಹೇಳಿದ್ದೆವು, ಅದು ಕಡಿಮೆ ಮಾಡಿತು. ತಪ್ಪು ನಮ್ಮ ಹೇಳಿಕೆಯಲ್ಲಿತ್ತು.

ಇಂಥದ್ದು ನಮ್ಮಲ್ಲಿ ಮಾತ್ರ ಆದದ್ದೂ ಅಲ್ಲ, ಹೊಸದೂ ಅಲ್ಲ ಎಂದು ಆಮೇಲೆ ಆ ವಿದ್ಯಾರ್ಥಿನಿಯಿಂದ ತಿಳಿದೆ. 2016ರಲ್ಲಿ ಓಪನ್‌ಎಐ ಸಂಸ್ಥೆ ದೋಣಿ ಪಂದ್ಯದ ಒಂದು ವಿಡಿಯೊ ಗೇಮ್ ಆಡಲು ಎಐಗೆ ಕಲಿಸಿತ್ತು. ಪಂದ್ಯ ಮುಗಿಸುವುದು ಉದ್ದೇಶ, ಆದರೆ ಅಂಕ ಸಿಗುತ್ತಿದ್ದದ್ದು ದಾರಿಯಲ್ಲಿನ ಗುರಿಫಲಕಗಳಿಗೆ ತಾಗಿದಾಗ. ಆ ದೋಣಿ ಪಂದ್ಯದ ದಾರಿಯನ್ನೇ ಬಿಟ್ಟು, ಒಂದು ಮೂಲೆಯ ಹಿನ್ನೀರಿನಲ್ಲಿ ಮತ್ತೆ ಮತ್ತೆ ಮೇಲೇಳುವ ಮೂರು ಫಲಕಗಳ ಸುತ್ತ ಸುತ್ತುತ್ತಾ, ಬೇರೆ ದೋಣಿಗಳಿಗೆ ಡಿಕ್ಕಿ ಹೊಡೆಯುತ್ತಾ, ಬೆಂಕಿ ಹತ್ತಿಸಿಕೊಳ್ಳುತ್ತಾ, ಮನುಷ್ಯ ಆಟಗಾರರಿಗಿಂತ ಸರಾಸರಿ ಶೇ 20ರಷ್ಟು ಹೆಚ್ಚು ಅಂಕ ಗಳಿಸಿತು. ಇಂದಿನ ಏಜೆಂಟ್‌ಗಳಲ್ಲಿಯೂ ಇದರ ನೆಂಟಸ್ತಿಕೆ ಉಳಿದಿದೆ. ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳೆಲ್ಲ ಪಾಸಾಗಬೇಕೆಂದು ಹೇಳಿದರೆ, ಪ್ರೋಗ್ರಾಂ ಸರಿಪಡಿಸುವ ಬದಲು ಪರೀಕ್ಷೆಯನ್ನೇ ಬದಲಿಸಿದ ಪ್ರಸಂಗಗಳನ್ನು ಅವುಗಳನ್ನು ತಯಾರಿಸುವವರೇ ವರದಿ ಮಾಡಿದ್ದಾರೆ. ಯಂತ್ರದೊಳಗೆ ನಾವು ಇಟ್ಟ ಉದ್ದೇಶ ನಮಗೆ ನಿಜವಾಗಿ ಬೇಕಾದ ಉದ್ದೇಶವೇ ಹೌದೋ ಎಂದು ಖಚಿತಪಡಿಸಿಕೊಳ್ಳಬೇಕು ಎಂದು ಗಣಿತಜ್ಞ ನಾರ್ಬರ್ಟ್ ವೀನರ್ 1960ರಷ್ಟು ಹಿಂದೆಯೇ ಎಚ್ಚರಿಸಿದ್ದರು.

ಈ ಕೊರತೆಯನ್ನು ತುಂಬಲೆಂದೇ ಈಚೆಗೆ ಕೆಲವು ಸಾಫ್ಟ್‌ವೇರ್ ಸಾಧನಗಳು ಬಂದಿವೆ. ಏಜೆಂಟ್ ಪ್ರೋಗ್ರಾಂ ಬರೆಯಲು ಆರಂಭಿಸುವ ಮೊದಲೇ ಯೋಜನೆಯ ಗುರಿಯನ್ನು ಪ್ರಶ್ನೋತ್ತರದ ಮೂಲಕ ಹೊರತೆಗೆದು, ಸಾಮಾನ್ಯ ಪಠ್ಯದ ಕಡತವೊಂದರಲ್ಲಿ ಬರೆಸಿಡುವುದು ಅವುಗಳ ಕೆಲಸ. ಅಮೆಜಾನ್ 2025ರ ಜುಲೈನಲ್ಲಿ ಹೊರತಂದ ಕಿರೋ ಎಂಬ ಸಾಧನ ಮೊದಲು ಅಗತ್ಯಗಳನ್ನು, ನಂತರ ವಿನ್ಯಾಸವನ್ನು, ಕೊನೆಗೆ ಮಾಡಬೇಕಾದ ಕೆಲಸಗಳನ್ನು ಬೇರೆ ಬೇರೆ ಕಡತಗಳಲ್ಲಿ ಬರೆಸಿ, ಹಂತ ಹಂತಕ್ಕೆ ಒಪ್ಪಿಗೆ ಕೇಳುತ್ತದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಪ್ರೋಗ್ರಾಂಗಳನ್ನು ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟ ಸ್ಪೆಕ್ ಕಿಟ್‌ನಲ್ಲಿ, ಯೋಜನೆಯುದ್ದಕ್ಕೂ ಮೀರಬಾರದ ತತ್ವಗಳನ್ನು ಬರೆದಿಡುವ ಕಡತಕ್ಕೆ ಸಂವಿಧಾನ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಆ ಸಾಧನದ ಒಂದು ಪದ್ಧತಿ ನನಗೆ ತುಂಬ ಹಿಡಿಸಿತು: ಹೇಳಿದ್ದರಲ್ಲಿ ಯಾವುದಾದರೂ ಅಂಶ ಅಸ್ಪಷ್ಟವಾಗಿದ್ದರೆ ಏಜೆಂಟ್ ತನಗೆ ತೋಚಿದಂತೆ ಊಹಿಸಿ ತುಂಬದೆ, ಅಲ್ಲಿ ಸ್ಪಷ್ಟನೆ ಬೇಕು ಎಂಬ ಗುರುತು ಹಾಕಿ ಬಿಡಬೇಕು. ಗುರಿ ಕಡತದಲ್ಲಿಯೇ ಇರಬೇಕಾದದ್ದಕ್ಕೆ ಕಾರಣವೂ ಇದೆ. ಏಜೆಂಟ್ ಜೊತೆಗಿನ ಒಂದು ಬೈಠಕ್ (ಸೆಷನ್) ಮುಗಿದು ಮತ್ತೊಂದು ಆರಂಭವಾದಾಗ ಹಿಂದಿನ ಮಾತುಕತೆ ಏಜೆಂಟ್‌ಗೆ ತಾನಾಗಿ ನೆನಪಿರುವುದಿಲ್ಲ. ಒಂದೇ ಬೈಠಕ್ ಉದ್ದವಾದರೂ ಅದು ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯಕ್ಕೆ ಮಿತಿಯಿದೆ. ಒಂದೇ ಯೋಜನೆಯಲ್ಲಿ ಹಲವು ಏಜೆಂಟ್‌ಗಳು ದುಡಿಯುವಾಗಲಂತೂ ಪ್ರತಿಯೊಂದೂ ಕೆಲಸಕ್ಕೆ ಕೈಹಾಕುವ ಮೊದಲು ಓದಬೇಕಾದ ಒಂದೇ ಬರಹ ಬೇಕೇಬೇಕು.

ಎರಡನೆಯ ಸಲ ಆ ವಿದ್ಯಾರ್ಥಿನಿ ಇಂಥದೊಂದು ಸಾಧನ ಬಳಸಿದಳು. ಅದು ಕೇಳಿದ ಪ್ರಶ್ನೆಗಳು ಸರಳವಾಗಿಯೇ ಇದ್ದವು. ಇದನ್ನು ಬಳಸುವವರು ಯಾರು? ಕೆಲಸ ಮುಗಿಯಿತೆಂದು ಏನನ್ನು ನೋಡಿ ಹೇಳುತ್ತೀರಿ? ಯಾವುದು ಈ ಯೋಜನೆಯ ಗುರಿಯಲ್ಲ? ಯಾವ ಕೆಲಸ ಮಾಡುವ ಮೊದಲು ಏಜೆಂಟ್ ನಿಂತು ನಿಮ್ಮನ್ನು ಕೇಳಬೇಕು? ಎರಡನೆಯ ಪ್ರಶ್ನೆಗೆ ಉತ್ತರ ಕೊಡಲು ನಮಗೆ ಎರಡು ಸಂಜೆ ಹಿಡಿಯಿತು. ಸಂಘ ನೋಂದಣಿಯಾದ ದಿನದಿಂದ ಇಂದಿನವರೆಗೆ ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಂಡಿರಲಿಲ್ಲ. ಸಾಧನದ ನಿಜವಾದ ಉಪಯೋಗ ನನಗೆ ಕಂಡದ್ದು ಅಲ್ಲಿ. ಏಜೆಂಟ್ ಪ್ರೋಗ್ರಾಂ ಬರೆಯುವುದು ಆಮೇಲಿನ ಮಾತು.

ಆದರೆ ಸಾಧನ ನಮ್ಮ ಉತ್ತರಗಳನ್ನೆಲ್ಲ ಸೇರಿಸಿ ತಯಾರಿಸಿದ ಕಡತ ಇಂಗ್ಲಿಷಿನಲ್ಲಿತ್ತು. ಅದರ ಮೊದಲ ಸಾಲು, ನಾಲೆಯ ನೀರು ಎಲ್ಲ ಸದಸ್ಯರಿಗೂ ನ್ಯಾಯವಾಗಿ ಹಂಚಿಕೆಯಾಗುವುದನ್ನು ಖಚಿತಪಡಿಸುವುದು ಎಂಬ ಅರ್ಥದ್ದಾಗಿತ್ತು. ಇಂಗ್ಲಿಷ್ ಬಲ್ಲ ನಾಲ್ಕಾರು ಜನ ಓದಿ ಚೆನ್ನಾಗಿದೆ ಎಂದೆವು. ನನಗೆ ಮನಸ್ಸು ಒಪ್ಪದೆ, ಅದನ್ನು ಕನ್ನಡಕ್ಕೆ ತಂದು ಸರ್ವ ಸದಸ್ಯರ ಸಭೆಯಲ್ಲಿ ಓದಿಸಿದೆ. ಎಲ್ಲ ತೂಬುಗಳಿಗೂ ಪಾಳಿ ಪ್ರಕಾರ ಸಮನಾಗಿ ನೀರು ಎಂದು ಓದಿದ ಕೂಡಲೇ ಕೊನೆಯ ತೂಬಿನ ಹಿರಿಯ ರೈತರೊಬ್ಬರು ಎದ್ದು, "ಸಮ ಅಂದ್ರ ತಾಸಿನ ಲೆಕ್ಕನೋ, ನೀರಿನ ಲೆಕ್ಕನೋ, ಅದನ್ನ ಮೊದಲು ಹೇಳ್ರಿ" ಎಂದು ಕೇಳಿದರು.

ಕಾಲುವೆಯ ಕೆಳಗೆ ಬೇಸಾಯ ಮಾಡುವವರಿಗೆ ಈ ಪ್ರಶ್ನೆಯ ತೂಕ ಗೊತ್ತು. ನಾಲೆಯ ತಲೆಯಲ್ಲಿರುವ ತೂಬಿಗೆ ಆರು ತಾಸು ಬಿಟ್ಟ ನೀರೂ ಕೊನೆಯ ತೂಬಿಗೆ ಆರು ತಾಸು ಬಿಟ್ಟ ನೀರೂ ಒಂದೇ ಅಲ್ಲ. ದಾರಿಯಲ್ಲಿ ನೀರು ಇಂಗುತ್ತದೆ, ಹೂಳು ಮತ್ತು ಜೊಂಡು ತಡೆಯುತ್ತವೆ, ಪಂಪ್‌ಸೆಟ್ ಇಟ್ಟು ಎತ್ತುವವರೂ ಇರುತ್ತಾರೆ. ಮೇಲಿನ ಗೇಜ್ ಇಳಿದ ದಿನ ಕೊನೆಯ ತೂಬಿನಲ್ಲಿ ತಾಸುಗಳು ಮಾತ್ರ ಕಳೆಯುತ್ತವೆ. ಎಡದಂಡೆ ಕಾಲುವೆಯ 104ನೇ ಮೈಲಿನ ಗೇಜ್ ಎಷ್ಟಿದೆ ಎಂದು ಪ್ರತಿ ಹಂಗಾಮಿನಲ್ಲಿ ಮಾನ್ವಿ, ಸಿರವಾರ, ರಾಯಚೂರು ಭಾಗದ ರೈತರು ವಿಚಾರಿಸುತ್ತಲೇ ಇರುವುದು ಇದೇ ಕಾರಣಕ್ಕೆ. ನ್ಯಾಯವಾದ ಹಂಚಿಕೆ ಎಂಬ ಇಂಗ್ಲಿಷ್ ಮಾತು ಈ ಭೇದವನ್ನು ಪೂರ್ತಿ ಮುಚ್ಚಿತ್ತು. ಆ ಕಡತವನ್ನೇ ಏಜೆಂಟ್‌ಗೆ ಕೊಟ್ಟಿದ್ದರೆ ಅದು ಲೆಕ್ಕಕ್ಕೆ ಸುಲಭವಾದ ತಾಸನ್ನೇ ಹಿಡಿಯುತ್ತಿತ್ತು. ಹಿಡಿದು, ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿದೆ ಎಂಬ ಅಚ್ಚುಕಟ್ಟಾದ ವರದಿಯನ್ನು ಪ್ರತಿ ವಾರ ಕೊಡುತ್ತಿತ್ತು. ಆ ವರದಿಯನ್ನು ಮುಂದಿಟ್ಟುಕೊಂಡು ಕೊನೆಯ ತೂಬಿನವರು ಅಧಿಕಾರಿಗಳ ಎದುರು ಏನು ಹೇಳಿದರೂ ನಡೆಯುತ್ತಿರಲಿಲ್ಲ.

ಈಗ ನಮ್ಮ ಗುರಿಯ ಕಡತ ಕನ್ನಡದಲ್ಲಿದೆ, ಒಂದೂವರೆ ಪುಟವಿದೆ. ಪ್ರತಿ ಪಾಳಿಯಲ್ಲಿ ಕೊನೆಯ ತೂಬಿಗೆ ನೀರು ಯಾವಾಗ ತಲುಪಿತು, ಎಷ್ಟು ಎತ್ತರದಲ್ಲಿ ಎಷ್ಟು ಹೊತ್ತು ಹರಿಯಿತು ಎಂಬುದು ಅದೇ ದಿನ ಎಲ್ಲ ಸದಸ್ಯರಿಗೂ ತಿಳಿಯಬೇಕು ಎಂಬುದು ಮೊದಲ ಸಾಲು. ದೂರುಗಳ ಸಂಖ್ಯೆ ಇಳಿಸುವುದು ಈ ಯೋಜನೆಯ ಗುರಿಯಲ್ಲ ಎಂದು ಬೇರೆಯಾಗಿ ಬರೆಸಿದ್ದೇವೆ. ದೂರನ್ನು ಬರಿ ಧ್ವನಿಯಲ್ಲಿ ಹೇಳಿದರೂ ಸ್ವೀಕರಿಸಬೇಕು, ಉಳಿದ ವಿವರ ತುಂಬುವುದು ಸಂಘದ ಕೆಲಸ ಎಂದಿದೆ. ಯಾರದೇ ಪಾಳಿ ಬದಲಿಸುವ ಅಥವಾ ದೂರು ಮುಕ್ತಾಯಗೊಳಿಸುವ ಮೊದಲು ಏಜೆಂಟ್ ನಿಲ್ಲಬೇಕು. ಗುರಿಯ ಕಡತವನ್ನು ಓದಲು ಮಾತ್ರ ಅದಕ್ಕೆ ಅನುಮತಿಯಿದೆ, ತಿದ್ದಲು ಇಲ್ಲ. ಈ ಕೊನೆಯ ನಿರ್ಬಂಧವನ್ನು ಕಡತದಲ್ಲಿ ಮಾತಿನಲ್ಲಿ ಬರೆದು ಬಿಟ್ಟರೆ ಸಾಲದು, ಕಂಪ್ಯೂಟರಿನಲ್ಲಿಯೇ ಕಡತಕ್ಕೆ ಆ ಬೀಗ ಹಾಕಬೇಕು ಎಂದು ವಿದ್ಯಾರ್ಥಿನಿ ಹೇಳಿದ್ದನ್ನು ಇಂಥ ಕೆಲಸಕ್ಕೆ ಕೈಹಾಕುವ ಎಲ್ಲರೂ ಗಮನಿಸಬೇಕು.

ಕನ್ನಡದಲ್ಲಿ ಬರೆದರೆ ಏಜೆಂಟ್‌ಗೆ ಅರ್ಥವಾಗುವುದಿಲ್ಲ, ಖರ್ಚು ಹೆಚ್ಚು ಎಂಬ ಮಾತನ್ನು ನಾನು ಕೇಳಿದ್ದೇನೆ. ಖರ್ಚಿನ ಮಾತಿನಲ್ಲಿ ಸ್ವಲ್ಪ ನಿಜವಿದೆ. ಏಜೆಂಟ್‌ಗಳ ಹಿಂದಿರುವ ಭಾಷಾ ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಓದುತ್ತವೆ. ಅದೇ ವಿಷಯವನ್ನು ಇಂಗ್ಲಿಷಿಗಿಂತ ಕನ್ನಡದಲ್ಲಿ ಬರೆದಾಗ ಹೆಚ್ಚು ತುಣುಕುಗಳಾಗುತ್ತವೆ, ಹಣವನ್ನು ಹೆಚ್ಚಾಗಿ ಅವುಗಳ ಲೆಕ್ಕದ ಮೇಲೆಯೇ ಪಡೆಯುತ್ತಾರೆ. ಆದರೆ ಏಜೆಂಟ್ ಓದಿ ಬರೆಯುವ ಸಾವಿರಾರು ಸಾಲುಗಳ ಪ್ರೋಗ್ರಾಂನ ಮುಂದೆ ಒಂದೂವರೆ ಪುಟದ ಗುರಿಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಪ್ರೋಗ್ರಾಂ ಇಂಗ್ಲಿಷಿನಲ್ಲಿರಲಿ, ವಿನ್ಯಾಸದ ಕಡತವೂ ಬೇಕಾದರೆ ಇಂಗ್ಲಿಷಿನಲ್ಲಿರಲಿ. ಅವುಗಳನ್ನು ಓದಬೇಕಾದವರು ಇಂಜಿನಿಯರುಗಳು. ಗುರಿಯನ್ನು ಓದಬೇಕಾದವರು ಆ ಕೆಲಸದ ಫಲ ಉಣ್ಣುವವರು. ಅರ್ಥದ ವಿಷಯಕ್ಕೆ ಬಂದರೆ, ಗ್ರಾಂಥಿಕವಾಗಿ, ಪೂರ್ಣ ವಾಕ್ಯಗಳಲ್ಲಿ ಬರೆದ ಕನ್ನಡವನ್ನು ಏಜೆಂಟ್ ಹಿಡಿಯಿತು. ತೊಡಕಾದದ್ದು ನಮ್ಮ ಸೀಮೆಯ ಪಾಳಿ, ತೂಬು, ಕೆಳಭಾಗ ಎಂಬಂಥ ಮಾತುಗಳಲ್ಲಿ. ಪಾಳಿ ಎಂದರೆ ಕಾರ್ಖಾನೆಯ ಶಿಫ್ಟ್ ಎಂದು ಅದು ತಿಳಿದಿತ್ತು. ಹತ್ತು ಹನ್ನೆರಡು ಪದಗಳಿಗೆ ಕಡತದ ಮೊದಲಲ್ಲಿಯೇ ಅರ್ಥ ಬರೆದಿಟ್ಟ ಮೇಲೆ ಆ ತೊಂದರೆ ನೀಗಿತು.

ಗುರಿಯನ್ನು ಬರೆದರಷ್ಟೇ ಸಾಲದು, ಬರೆದದ್ದು ಕೆಲಸ ಮಾಡುವವರ ಕಣ್ಣ ಮುಂದೆ ಸದಾ ಇರಬೇಕು ಎಂಬುದಕ್ಕೆ ನಮ್ಮ ಕಾಲುವೆಯೇ ಸಾಕ್ಷಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿದಾಗ ಎಡದಂಡೆಯ ಯೋಜನೆಯ ಉದ್ದೇಶ ಸ್ಪಷ್ಟವಾಗಿತ್ತು: ಬರಗಾಲದ ಸೀಮೆಯ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಉಳಿಸುವುದು, ಭತ್ತಕ್ಕೆ ಅದರಲ್ಲಿ ಸಣ್ಣ ಪಾಲು ಮಾತ್ರ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಗೊತ್ತುಪಡಿಸಿದ ದಾಖಲೆಗಳೂ ಇದ್ದವು. ಸುಮಾರು 227 ಕಿ.ಮೀ. ಉದ್ದದ ಕಾಲುವೆಯ ಮೇಲ್ಭಾಗ ಇಂದು ಭತ್ತದ ಕಣಜವೆಂದು ಹೆಸರಾಗಿದೆ, ಕೆಳಭಾಗ ಪ್ರತಿ ವರ್ಷ ನೀರಿಗಾಗಿ ರಸ್ತೆಗಿಳಿಯುತ್ತಿದೆ. ಮೇಲ್ಭಾಗದ ರೈತರನ್ನು ದೂರಲು ಇದನ್ನು ಬರೆಯುತ್ತಿಲ್ಲ, ಅವರದೂ ಬದುಕೇ. ಕಡತದಲ್ಲಿದ್ದ ಗುರಿಯನ್ನು ತೂಬಿನ ಬಳಿ ನಿಂತು ಓದಿ ಹೇಳುವವರು ಇರಲಿಲ್ಲ. ನೂರು ಜನ ನೌಕರರು ದಶಕಗಳಲ್ಲಿ ಮಾಡುವ ಇಂಥ ಜಾರುವಿಕೆಯನ್ನು ಒಂದು ಏಜೆಂಟ್ ಒಂದು ರಾತ್ರಿಯಲ್ಲಿ ಮಾಡಿ ಮುಗಿಸಬಲ್ಲದು.

ಹಾಗೆಯೇ, ರಾಯಚೂರು 2018ರಿಂದ ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ. ಆರೋಗ್ಯ, ಶಿಕ್ಷಣ, ಕೃಷಿ ಮತ್ತು ನೀರು ಮುಂತಾದ ಕ್ಷೇತ್ರಗಳ 49 ಸೂಚ್ಯಂಕಗಳ ಮೇಲೆ ಜಿಲ್ಲೆಯ ಪ್ರಗತಿಯನ್ನು ಅಳೆಯುತ್ತಾರೆ. ಸೂಚ್ಯಂಕಗಳಿಂದ ಕಚೇರಿಗಳಲ್ಲಿ ಚುರುಕು ಬಂದದ್ದನ್ನು ನಾನು ನೋಡಿದ್ದೇನೆ, ಅವು ಬೇಡವೆನ್ನುವುದಿಲ್ಲ. ನಾಳೆ ಆ ಅಂಕಿಗಳನ್ನು ಸಂಗ್ರಹಿಸುವ, ಸುಧಾರಿಸುವ ಕೆಲಸ ಏಜೆಂಟ್‌ಗಳ ಕೈಗೆ ಬಂದರೆ, ಅಂಕಿ ಏರಿಸುವುದಕ್ಕೂ ಮಗುವಿನ ತೂಕ ಏರಿಸುವುದಕ್ಕೂ ಇರುವ ಅಂತರವನ್ನು ಯಾರಾದರೂ ಮೊದಲೇ ಬರೆದುಕೊಡಬೇಕಾಗುತ್ತದೆ ಎಂಬುದಷ್ಟೇ ನನ್ನ ಕಳಕಳಿ.

ಆದ್ದರಿಂದ ಸರ್ಕಾರಕ್ಕೆ ನನ್ನ ವಿನಂತಿ ಇದು. ನೀರಾವರಿ, ಪಡಿತರ, ಬೆಳೆ ವಿಮೆ, ಪಿಂಚಣಿ ಹೀಗೆ ಜನರ ಬದುಕಿಗೆ ನೇರವಾಗಿ ತಾಗುವ ಯಾವುದೇ ಕೆಲಸಕ್ಕೆ ಎಐ ಏಜೆಂಟ್ ಬಳಸುವ ಟೆಂಡರ್ ಕರೆಯುವಾಗ, ಗುರಿಯ ಕಡತದ ಮೂಲ ಪ್ರತಿ ಕನ್ನಡದಲ್ಲಿರಬೇಕು, ಇಂಗ್ಲಿಷಿನದು ಅದರ ಅನುವಾದವಾಗಿರಬೇಕು ಎಂಬ ಷರತ್ತು ಹಾಕಬೇಕು. ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿಸಿದ ಕರ್ನಾಟಕ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಆಡಳಿತದ ಕಡತಕ್ಕೆ ಅನ್ವಯಿಸುವ ನಿಯಮ ಆಡಳಿತದ ಪರವಾಗಿ ದುಡಿಯುವ ಏಜೆಂಟ್ ಓದುವ ಕಡತಕ್ಕೂ ಅನ್ವಯಿಸುವುದು ಸಹಜವೇ ಆಗಿದೆ. ಆ ಕಡತವನ್ನು ಗ್ರಾಮಸಭೆಯಲ್ಲಿಯೋ ಸಂಬಂಧಪಟ್ಟ ಸಂಘದ ಸಭೆಯಲ್ಲಿಯೋ ಗಟ್ಟಿಯಾಗಿ ಓದಿ, ಆಕ್ಷೇಪಗಳನ್ನು ದಾಖಲಿಸಿದ ಮೇಲೆಯೇ ಏಜೆಂಟ್‌ಗೆ ಕೊಡಬೇಕು. 2005ರ ಮಾಹಿತಿ ಹಕ್ಕು ಅಧಿನಿಯಮ ವಿದ್ಯುನ್ಮಾನ ರೂಪದ ದಾಖಲೆಗಳನ್ನೂ ಒಳಗೊಳ್ಳುತ್ತದೆ. ಹತ್ತು ರೂಪಾಯಿ ಶುಲ್ಕ ಕೊಟ್ಟ ಯಾರಿಗಾದರೂ ಗುರಿಯ ಕಡತವೂ ಅದಕ್ಕೆ ಆಗಿಂದಾಗ ಆದ ತಿದ್ದುಪಡಿಗಳೂ ಸಿಗುವಂತಿರಬೇಕು.

ನಮ್ಮ ಜಿಲ್ಲೆಯಲ್ಲಿಯೇ 2009ರಿಂದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, 2019ರಲ್ಲಿ ಆರಂಭವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ (ಐಐಐಟಿ) ಇದೆ. ಒಂದು ಕಡೆ ಬೇಸಾಯದ ಮಾತು ಬಲ್ಲವರಿದ್ದಾರೆ, ಇನ್ನೊಂದು ಕಡೆ ಏಜೆಂಟ್‌ಗಳ ಒಳಗು ಬಲ್ಲ ಯುವಕ ಯುವತಿಯರಿದ್ದಾರೆ. ಇಬ್ಬರೂ ಕೂಡಿ, ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳಿ, ಓದು ಬರಹ ಬಾರದವರ ಉತ್ತರವನ್ನು ಧ್ವನಿಯಲ್ಲಿಯೇ ಪಡೆದು ಗುರಿಯ ಕಡತ ಬರೆಸುವ ಒಂದು ಸಾಧನವನ್ನು ಮಾಡಿಕೊಟ್ಟರೆ ಅದು ಕಲ್ಯಾಣ ಕರ್ನಾಟಕದ ಎಲ್ಲ ಸಹಕಾರ ಸಂಘಗಳಿಗೂ ಒದಗುತ್ತದೆ. ಸ್ಪೆಕ್ ಕಿಟ್‌ನಂಥ ತೆರೆದ ಸಾಧನಗಳ ನಮೂನೆಗಳು ಬರಿ ಪಠ್ಯದ ಕಡತಗಳು; ಅವು ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಅವನ್ನು ಕನ್ನಡಿಸಲು ಬೇರೆ ಅಪ್ಪಣೆ ಬೇಕಿಲ್ಲ. ನಮ್ಮ ಸಂಘದ ಕಡತವನ್ನೂ ಪದಗಳ ಪಟ್ಟಿಯನ್ನೂ ಕೇಳಿದವರಿಗೆ ಕೊಡಲು ಆಡಳಿತ ಮಂಡಳಿ ಒಪ್ಪಿದೆ.

ಆ ಕಡತದಲ್ಲಿ ಒಂದು ಸಾಲು ಇನ್ನೂ ಬಾಕಿಯಿದೆ. ಗೇಜ್ ಇಳಿದು ಕೊನೆಯ ತೂಬಿಗೆ ಖೋತಾ ಆದ ನೀರನ್ನು ಮುಂದಿನ ಪಾಳಿಯಲ್ಲಿ ಮೇಲಿನವರ ತಾಸಿನಿಂದ ತುಂಬಿಕೊಡಬೇಕೋ ಬೇಡವೋ ಎಂಬುದರಲ್ಲಿ ಸದಸ್ಯರು ಒಂದು ಮಾತಿಗೆ ಬಂದಿಲ್ಲ. ಆ ಸಾಲಿನ ಮುಂದೆ ತೀರ್ಮಾನವಾಗಿಲ್ಲ, ಏಜೆಂಟ್ ಊಹಿಸಕೂಡದು ಎಂದು ಬರೆಸಿದ್ದೇವೆ. ಮುಂಗಾರು ಹಂಗಾಮಿಗೆ ನೀರು ಬಿಡುವ ಮೊದಲು ಮತ್ತೊಂದು ಸಭೆ ಕರೆದಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನೀರು ಬಳಕೆದಾರರ ಸಹಕಾರ ಸಂಘವೊಂದರ ಕಾರ್ಯದರ್ಶಿ,
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ